ಎರಡೂವರೆಯಲ್ಲಿಟ್ಟ ಒಲೆ

ನಮ್ಮ ಮನೆಯ ಕಟ್ಟಿಗೆ ಒಲೆಯ ಬಲಮಗ್ಗುಲಲ್ಲಿ ಒಂದು ಕರಿಯ ಗುಂಡಿಯಿದೆ. ಅದರ ಸುತ್ತ ಒಂದರಿಂದ ಐದರವರೆಗೆ ಅಂಕಿಗಳು. ಅದು ಥರ್ಮೋಸ್ಟಾಟ್. ಬೇಕಾದ ಅಂಕಿಗೆ ತಿರುಗಿಸಿಟ್ಟರೆ ಒಳಗಿನ ಲೋಹದ ಸುರುಳಿಯೊಂದು, ಒಲೆ ಕಾದಾಗ ಗಾಳಿಯ ಕಿಂಡಿಯನ್ನು ಕಿರಿದು ಮಾಡುತ್ತದೆ, ಆರತೊಡಗಿದಾಗ ಅಗಲ ಮಾಡುತ್ತದೆ. ಮನುಷ್ಯರು ಕೈ ಹಾಕಬೇಕಾಗಿಲ್ಲ. ಒಲೆ ಮನೆಗೆ ಬಂದ ದಿನ ನಮ್ಮ ಮನೆಯವರು ಇದನ್ನೆಲ್ಲ ನನ್ನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದ್ದರು. ನಾನು ಬೆಳ್ಳುಳ್ಳಿ ಸುಲಿಯುತ್ತ ಹೂಂಗುಟ್ಟಿದ್ದೆ. ಅವರು ಇಲ್ಲಿ ಜರ್ಮನಿಯಲ್ಲಿ, ಮ್ಯಾನ್‌ಹೈಮ್‌ನ ಕಾರ್ಖಾನೆಯೊಂದರಲ್ಲಿ ರಸಾಯನ ವಿಜ್ಞಾನಿಯಾಗಿ ಆಯುಷ್ಯ ಕಳೆದವರು. ಚಹಾಕ್ಕೆ ನೀರು ಕುದಿಸಿದರೂ ಅದರಲ್ಲೊಂದು ಪಾಠ ಇರುತ್ತಿತ್ತು. ಒಲೆ ಅವರದು, ತವೆ ನನ್ನದು ಎಂದು ಆ ದಿನವೇ ಮನಸ್ಸಿನಲ್ಲಿ ಪಾಲು ಮಾಡಿಕೊಂಡಿದ್ದೆ.

ಹೋದ ವರ್ಷ ನಮ್ಮ ಊರ ಸುತ್ತಲಿನ ಗುಡ್ಡಗಳಲ್ಲಿ ದ್ರಾಕ್ಷಿ ಕೊಯ್ಲು ನಡೆದಿದ್ದಾಗ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ಬಿದ್ದುಹೋಯಿತು. ಅರ್ಧ ಆಯುಷ್ಯ ಆಡಿದ ಜರ್ಮನ್ ಒಂದು ಬೆಳಗಿನಲ್ಲಿ ಅಳಿಸಿಹೋಯಿತು, ಇಂಗ್ಲಿಷೂ ಹೋಯಿತು. ಉಳಿದದ್ದು ವಿಜಯಪುರ ಕಡೆಯ ಹುಡುಗತನದ ಕನ್ನಡ, ಅದೂ ಚೂರುಚೂರಾಗಿ. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಹಡಿ ಹತ್ತುವುದು ಆಗದ ಮಾತಾಗಿತ್ತು. ಆದ್ದರಿಂದ ಹಾಸಿಗೆಯನ್ನು ಕೆಳಗೆ, ತೋಟದ ಕಡೆ ಹೊರಚಾಚಿ ಕಟ್ಟಿಸಿದ್ದ ಕೋಣೆಗೆ ಇಳಿಸಿದೆವು. ಅವರು ಓದಿಕೊಳ್ಳಲೆಂದು ಕಟ್ಟಿಸಿದ ಕೋಣೆ ಅದು. ಮಹಡಿಗೆಲ್ಲ ಹೈಟ್ಸುಂಗ್ ಇದೆ, ಬಿಸಿನೀರಿನ ಕೊಳವೆ ಗೋಡೆಗುಂಟ ಓಡುತ್ತದೆ. ಈ ಕೋಣೆಗೆ ಮಾತ್ರ ಇಲ್ಲ. ಇಲ್ಲಿರುವುದು ಒಲೆ ಒಂದೇ. ಕೊಳವೆ ಎಳೆಯುವವರು ಬೇಸಿಗೆಗೆ ಬರುತ್ತೇವೆಂದರು. ಕರೆಂಟಿನ ಹೀಟರ್ ತಂದಿಟ್ಟೆ. ಅವರು ಎಡಗೈಯಲ್ಲಿ ಅದರ ವೈರು ಎಳೆದುಹಾಕಿ ಮುಖ ತಿರುಗಿಸಿಕೊಂಡರು.

ಹೀಗೆ ಅರವತ್ತು ದಾಟಿದ ಮೇಲೆ ನನಗೆ ಮತ್ತೆ ಒಲೆ ಊದುವ ಕೆಲಸ ಬಂತು. ಅದಕ್ಕೂ ಮಿಗಿಲಾದದ್ದು, ಒಲೆ ಕಾಯುವ ಕೆಲಸ. ಬೀಚ್ ಮರದ ತುಂಡೊಂದು ಉರಿದು ಕೆಂಡವಾಗುವಷ್ಟರಲ್ಲಿ ನಾನು ಮನೆಯಲ್ಲಿರಬೇಕು, ಇನ್ನೊಂದು ಹಾಕಬೇಕು. ಬೇಕರಿಗೆ ಹೋಗಿ ಬರಲು ಅರ್ಧ ತುಂಡು. ಔಷಧಿ ಅಂಗಡಿಗೆ ಒಂದು ತುಂಡು. ಮ್ಯಾನ್‌ಹೈಮ್‌ಗೆ ಹೋಗಿ ಒಂದು ಸೀರೆಗೆ ಫಾಲ್ ಹಚ್ಚಿಸಿಕೊಂಡು ಬರುವುದಂತೂ ಕನಸು. ಬೆಳಿಗ್ಗೆ ಒಬ್ಬ ನರ್ಸ್ ಬಂದು ಅವರಿಗೆ ಸ್ನಾನ ಮಾಡಿಸಿ ಹೋಗುತ್ತಾನೆ, ವಾರಕ್ಕೊಮ್ಮೆ ಮಾತು ಕಲಿಸುವ ಹುಡುಗಿ ಬರುತ್ತಾಳೆ, ಉಳಿದ ಹೊತ್ತೆಲ್ಲ ಒಲೆ, ಅವರು, ನಾನು. ಪಕ್ಕದ ಮನೆಯಾಕೆಯನ್ನು ಒಮ್ಮೆ ಕೂಡಿಸಿ ಹೊರಟರೆ ಇವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರಂತೆ. ಕೋಣೆಯ ಕಿಟಕಿಗಳು ಬೆವರಿ ಹೊರಗಿನದು ಏನೂ ಕಾಣುತ್ತಿರಲಿಲ್ಲ. ಕೆಲವು ಮಧ್ಯಾಹ್ನ ನನಗೆ ಉಸಿರು ಕಟ್ಟಿದಂತಾಗಿ ಅಂಗಳಕ್ಕೆ ಹೋಗಿ ಸುಮ್ಮನೆ ಕಟ್ಟಿಗೆಯ ರಾಶಿಯನ್ನು ಇಲ್ಲಿಂದಲ್ಲಿಗೆ ಜೋಡಿಸುತ್ತಿದ್ದೆ.

ಕೆಲಸಕ್ಕೆ ಹೆದರುವವಳಲ್ಲ ನಾನು. ಕಾವಲಿಗೆ ಹೆದರುತ್ತೇನೆ. ಕಾಯುತ್ತ ಕೂತವರಿಗೆ ಮಾತಾಡುವುದೊಂದೇ ದಾರಿ. ಅವರ ಪಾಲಿನದನ್ನೂ ನಾನೇ ಆಡುತ್ತಿದ್ದೆ.

“ಕ… ಕಟ…” ಎನ್ನುತ್ತಿದ್ದರು ಒಲೆಯ ಕಡೆ ನೋಡಿ.

“ಕಟಗಿ ಹಾಕಬೇಕಾ? ಈಗರ ಹಾಕೀನಿ. ತಡೀರಿ ಜರಾ.”

“ನೀ…”

“ನೀರು? ಇಗಾ, ಬಾಜೂಕs ಇಟ್ಟೀನಲ್ಲ.”

ಅವರು ನೀರು ಕುಡಿಯುತ್ತಿದ್ದರು. ಬೇಕಾಗಿತ್ತೋ ಇಲ್ಲವೋ.

ಇಷ್ಟರಲ್ಲಿ ಪಕ್ಕದ ಊರಿನ ಹಾಲೆನ್‌ಬಾಡ್‌ನಿಂದ, ಅಂದರೆ ಒಳಾಂಗಣದ ಈಜುಕೊಳದಿಂದ, ಫೋನು ಬಂತು. ದೊಡ್ಡ ಹೆಂಗಸರಿಗೆ ಈಜು ಕಲಿಸುವ ತರಗತಿಗೆ ಅವರು ಸರಿಯಿದ್ದಾಗಲೇ ಹೆಸರು ಬರೆಸಿದ್ದೆ. ಜಾಗ ಸಿಕ್ಕಿದೆ, ಪ್ರತಿ ಬುಧವಾರ ಬೆಳಿಗ್ಗೆ, ಬರುತ್ತೀರಾ ಎಂದಳು ಕಲಿಸುವಾಕೆ. ನಾನು ಹಿಂದುಮುಂದು ನೋಡದೆ ಬರುತ್ತೇನೆ ಎಂದುಬಿಟ್ಟೆ.

ಈಜು ಎಂದರೆ ನನಗೆ ಚಿಕ್ಕಂದಿನಿಂದ ಹೊಟ್ಟೆಕಿಚ್ಚು. ನಮ್ಮೂರ ಕಡೆ ನೀರೆಂದರೆ ಕೊಡದಲ್ಲಿ ಕಾಣುವ ವಸ್ತು. ಹೊಲದಲ್ಲಿ ಒಂದು ಬಾವಿಯಿತ್ತು. ಅಣ್ಣಂದಿರು ಬೆನ್ನಿಗೆ ಒಣಗಿದ ಕುಂಬಳಬುರುಡೆ ಕಟ್ಟಿಕೊಂಡು ಧುಮುಕುತ್ತಿದ್ದರು, ನಾನು ದಂಡೆಯ ಮೇಲೆ ಅವರ ಅಂಗಿಗಳನ್ನು ಹಿಡಿದು ನಿಂತಿರುತ್ತಿದ್ದೆ. ಹೆಣ್ಣುಮಕ್ಕಳು ಬಾವಿಗೆ ಇಳಿಯುವ ರೂಢಿಯಿರಲಿಲ್ಲ. ಆ ಅಂಗಿಗಳ ಬೆವರಿನ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಮಗಳು ಇಲ್ಲಿ ಆರು ವರ್ಷಕ್ಕೇ ಈಜಿ, ಸೇಪ್ಫೇರ್ಡ್‌ಷೆನ್ ಎಂಬ ಸಮುದ್ರಕುದುರೆಯ ಬಿಲ್ಲೆಯನ್ನು ಗೆದ್ದು ತಂದಾಗ, ಅದನ್ನು ಅವಳ ಈಜುಡುಗೆಗೆ ಹೊಲಿದವಳು ನಾನೇ. ಒಂದು ದಿನ ನನ್ನ ಬಟ್ಟೆಗೂ ಹೊಲಿದುಕೊಳ್ಳಬೇಕೆಂದು ಯಾರಿಗೂ ಹೇಳದೆ ಬಯಸಿದ್ದೆ.

ಬಸ್ಸು, ಬಟ್ಟೆ ಬದಲಿಸುವುದು, ಈಜು, ತಲೆ ಒಣಗಿಸುವುದು, ಮತ್ತೆ ಬಸ್ಸು, ಎಲ್ಲ ಸೇರಿ ಮೂರು ತಾಸು. ಡ್ರೆಸ್ಡೆನ್‌ನಲ್ಲಿ ಚಿಪ್ ತಯಾರಿಸುವ ಕಾರ್ಖಾನೆಯ ಎಂಜಿನಿಯರ್ ಆಗಿರುವ ಮಗಳು ಫೋನಿನಲ್ಲಿ ಹುರುಪಿನಿಂದ ಹೇಳಿದಳು: “ಮಮ್ಮಾ, ಯೂ ನೀಡ್ ಎ ಬ್ರೇಕ್. ಪಪ್ಪಾ ಮೂರ್ ಅವರ್ಸ್ ಒಬ್ರೇ ಇರ್ತಾರ. ದಸ್ ಗೇಟ್ ಶೋನ್, ನಡೀತದ.”

“ಪಪ್ಪಾ ಇರ್ತಾರ. ಬೆಂಕಿ ಇರಬೇಕಲ್ಲ!” ಎಂದೆ.

ಹೀಗೆ ನನ್ನ ಬುಧವಾರ ಆ ಕರಿಯ ಗುಂಡಿಗೆ ಬಂದು ನಿಂತಿತು. ಒಮ್ಮೆ ಕಟ್ಟಿಗೆ ಹಾಕಿದರೆ ಮೂರು ತಾಸು ತಡೆಯುವ ಅಂಕಿ ಯಾವುದು? ಅದು ಸಿಕ್ಕರೆ ನಾನು ನೀರಿಗಿಳಿಯುತ್ತೇನೆ, ಸಿಗದಿದ್ದರೆ ಈ ಕೋಣೆಯಲ್ಲಿ ಬೇಯುತ್ತೇನೆ.

ಐದಕ್ಕೆ ಇಟ್ಟೆ. ಬೆಂಕಿ ಧಗ್ಗನೆ ಎದ್ದು, ಕೋಣೆ ಭಟ್ಟಿಯಾಗಿ, ಅವರು ಹೊದಿಕೆ ಒದ್ದು ಕೂತರು. ನಾನು ಬ್ರೆಡ್ ಹಿಡಿದು ವಾಪಸು ಬರುವುದರೊಳಗೆ ಒಲೆಯಲ್ಲಿ ಬೂದಿ. ಹಾಗಾದರೆ ಒಂದು. ಒಂದಕ್ಕೆ ಇಡುವಾಗ ನನಗೆ ಅವ್ವ ನೆನಪಾದಳು. ಅವ್ವ ಹೊಲಕ್ಕೆ ಹೋಗುವಾಗ ಉರಿಯುವ ಕೊಳ್ಳಿಯನ್ನು ಒಲೆಯೊಳಕ್ಕೆ ದೂಡಿ, ಮೇಲೆ ಬೂದಿ ಮುಚ್ಚಿ ಹೋಗುತ್ತಿದ್ದಳು. ಸಂಜೆ ಬಂದು ಬೂದಿ ಕೆದರಿ ಊದಿದರೆ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಓಣಿಯವರು ಕುಳ್ಳಿನ ತುಂಡು ಹಿಡಿದು ನಮ್ಮ ಮನೆಗೆ ಬೆಂಕಿ ಕೇಳಲು ಬರುತ್ತಿದ್ದರು. ನಮ್ಮ ಒಲೆ ಆರಿತೆಂಬ ಮಾತೇ ಇರಲಿಲ್ಲ. ನಾನೂ ಅದನ್ನೇ ಮಾಡಿದೆ. ಉರಿಯುವ ಬೀಚ್ ತುಂಡಿನ ಮೇಲೆ ಎರಡು ಸಲಿಕೆ ಬೂದಿ ಸುರಿದು, ಗುಂಡಿಯನ್ನು ಒಂದಕ್ಕೆ ತಿರುಗಿಸಿ, ಪೋಸ್ಟ್ ಆಫೀಸಿಗೆ ಹೋದೆ.

ಬಂದು ನೋಡಿದರೆ ಒಲೆಯ ಬಾಗಿಲಿನ ಗಾಜು ಡಾಂಬರು ಬಳಿದ ಹಾಗೆ ಕಪ್ಪು. ಮನೆಯೆಲ್ಲ ಕಮಟು. ಇವರು ಕಣ್ಣು ಕೆಂಪಗೆ ಮಾಡಿಕೊಂಡು ಕೆಮ್ಮುತ್ತಿದ್ದಾರೆ.

“ನಿಮ್ಮ… ನಿಮ್ಮ…” ಎಂದರು.

“ನಿಮ್ಮವ್ವನ ಒಲಿ ಅಲ್ಲ ಇದು, ಅಂತೀರಿ. ಗೊತ್ತಾತು ಬಿಡ್ರಿ,” ಎಂದೆ. ನಾವು ಮದುವೆಯಾದಾಗಿನಿಂದ ಕೇಳಿದ ಮಾತು. ಕುಕ್ಕರಿಗೂ ಅದೇ, ಮೈಕ್ರೋವೇವಿಗೂ ಅದೇ. ಅವರು ಬಾಯಿ ಮುಚ್ಚಿಕೊಂಡರು. ನಾನು ಹಳೆ ಪೇಪರನ್ನು ಒದ್ದೆ ಮಾಡಿ ಬೂದಿಯಲ್ಲಿ ಅದ್ದಿ ಗಾಜು ತಿಕ್ಕಿದೆ. ಊರಲ್ಲಿ ಪಾತ್ರೆ ತಿಕ್ಕಿದ್ದೂ ಹಾಗೆಯೇ, ಇಲ್ಲಿಯವರು ಒಲೆಯ ಗಾಜು ತಿಕ್ಕುವುದೂ ಹಾಗೆಯೇ. ಅಷ್ಟು ಮಟ್ಟಿಗಾದರೂ ಅವ್ವ ಇಲ್ಲಿ ನಡೆಯುತ್ತಾಳೆ.

ಎರಡಕ್ಕಿಟ್ಟರೆ ನಂದುತ್ತಿತ್ತು, ಮೂರಕ್ಕಿಟ್ಟರೆ ಬೇಗ ತೀರುತ್ತಿತ್ತು. ಕೊನೆಗೆ ದಪ್ಪ ಓಕ್ ತುಂಡುಗಳನ್ನು ತರಿಸಿ, ಕೆಂಡ ಚೆನ್ನಾಗಿ ಆದ ಮೇಲೆ ಎರಡನ್ನು ಜೋಡಿಸಿ, ಗುಂಡಿಯನ್ನು ಎರಡಕ್ಕೂ ಮೂರಕ್ಕೂ ನಡುವೆ ನಿಲ್ಲಿಸಿದೆ. ಪರೀಕ್ಷೆಗೆಂದು ಮಹಡಿಯ ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಇಳಿದು ಬರಬಾರದೆಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಮೂರು ತಾಸು ಇಸ್ತ್ರಿ ಮಾಡಿದ ಬಟ್ಟೆಯನ್ನೇ ಮತ್ತೆ ಇಸ್ತ್ರಿ ಮಾಡಿ ಕೆಳಗಿಳಿದಾಗ ಕೋಣೆ ಬೆಚ್ಚಗಿತ್ತು, ಗಾಜು ಸ್ವಲ್ಪ ಕಂದಿತ್ತು, ಒಳಗೆ ಕೆಂಡ ಬದುಕಿತ್ತು. ನನಗಾದ ಸಂತೋಷ ಹೇಳತೀರದು. “ಎರಡೂವರಿ!” ಎಂದು ಅವರ ಮುಂದೆ ನಿಂತು ಕೂಗಿದೆ. ಅವರು ತಲೆದೂಗಿದರು. ಅವರ ಕಣ್ಣೂ ಹೊಳೆಯಿತೆಂದು ಅನಿಸಿದ್ದು ನನ್ನ ಭ್ರಮೆಯಿರಬೇಕು ಎಂದುಕೊಂಡೆ.

ಮೊದಲ ಬುಧವಾರ ನಾನು ನೀರಿನ ಮೆಟ್ಟಿಲಿಳಿದು ಕೊಳದ ಗೋಡೆ ಹಿಡಿದವಳು ಹೊತ್ತು ಮುಗಿಯುವವರೆಗೆ ಬಿಡಲಿಲ್ಲ. ಆದರೂ ನೀರು ಎದೆಮಟ್ಟಕ್ಕೆ ಬಂದಾಗ ನಗು ತಡೆಯಲಾಗಲಿಲ್ಲ. ವಾಪಸು ಬರುವ ಬಸ್ಸಿನಿಂದ ಫೋನು ಮಾಡಿದೆ.

“ರೀ, ಬಸ್ಸಿನ್ಯಾಗ ಕುಂತೀನಿ. ಬೆಂಕಿ ಐತಿಲ್ಲೊ?”

“ಹೂಂ.”

“ಥಂಡಿ ಆಗೇತೇನು?”

“ಇಲ್…”

“ಇಲ್ಲಲ್ಲ? ಛಲೋ ಆತು. ಬಂದೆ.”

ಮನೆಗೆ ಬಂದರೆ ಬೆಂಕಿಯಿತ್ತು. ಆದರೆ ಗಾಜು ಪೂರಾ ಕಪ್ಪಾಗಿತ್ತು, ಕೋಣೆಯ ಕಾವು ಮೇಲುಮೇಲಿನದಾಗಿತ್ತು, ಅವರ ಮೂಗು ಮುಟ್ಟಿದರೆ ತಣ್ಣಗೆ. ಓಕ್ ಹಸಿಯಿರಬೇಕು ಎಂದುಕೊಂಡು ಕಟ್ಟಿಗೆಯವನಿಗೆ ಮನಸ್ಸಿನಲ್ಲೇ ನಾಲ್ಕು ಬೈದೆ. ಮುಂದಿನ ಬುಧವಾರಗಳಲ್ಲೂ ಅದೇ ಕಥೆ. ಗಾಜು ತಿಕ್ಕುವುದು ಈಜಿನ ಕೂಲಿ ಎಂದು ಸಮಾಧಾನ ಮಾಡಿಕೊಂಡೆ. ಬುಧವಾರ ಅವರು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಾರೆ ಎನ್ನುವುದನ್ನು ಗಮನಿಸಿದ್ದೆ, ಅರ್ಥ ಮಾತ್ರ ಮಾಡಿಕೊಳ್ಳಲಿಲ್ಲ.

ಒಂದು ವಾರ ಅವರಿಗೆ ಜ್ವರ, ಇನ್ನೊಂದು ವಾರ ಬಸ್ ಮುಷ್ಕರ. ಎರಡು ತರಗತಿ ತಪ್ಪಿದವು. ಮತ್ತೊಮ್ಮೆ ತಪ್ಪಿದರೆ ನಿಮ್ಮ ಜಾಗ ಸಾಲಿನಲ್ಲಿರುವ ಇನ್ನೊಬ್ಬರಿಗೆ ಎಂದು ಕಲಿಸುವಾಕೆ ನಗುನಗುತ್ತಲೇ ಹೇಳಿದ್ದಳು. ಇಲ್ಲಿಯವರು ನಗುತ್ತ ಹೇಳಿದರೂ ನಿಯಮ ನಿಯಮವೇ.

ಆಗಲೇ ಚಿಮಣಿ ಗುಡಿಸುವಾಕೆ ಬಂದಳು. ವರ್ಷಕ್ಕೆ ಇಷ್ಟು ಸಲ ಬಂದು ಚಿಮಣಿ ನೋಡಿ ಹೋಗುವುದು ಇಲ್ಲಿಯ ಕಾಯಿದೆ. ಬ್ರಷ್ ಮೇಲೆಳೆದು ನನಗೆ ತೋರಿಸಿದಳು. ಹೊಳೆಯುವ ಕರಿ ಜಿಗಟು.

“ಗುಂಡಿ ಎಷ್ಟರಲ್ಲಿ ಇಡ್ತೀರಿ?” ಎಂದು ಜರ್ಮನ್‌ನಲ್ಲಿ ಕೇಳಿದಳು.

“ಎರಡೂವರೆ,” ಎಂದೆ, ತುಸು ಜಂಬದಿಂದಲೇ.

ಅವಳು ಬಗ್ಗಿ ಗುಂಡಿ ತಿರುಗಿಸಿ ನೋಡಿದಳು. ಸುರುಳಿ ಸರಿಯಿದೆ ಎಂದಳು. ಎರಡೂವರೆಗೆ ಇಷ್ಟು ಜಿಗಟು ಹಿಡಿಯುವುದಿಲ್ಲ, ಉರಿಯುವ ಕಟ್ಟಿಗೆಗೆ ಯಾರೋ ಗಾಳಿ ಮುಚ್ಚುತ್ತಿದ್ದಾರೆ, ಹೀಗೇ ಆದರೆ ಚಿಮಣಿಯೇ ಹೊತ್ತಿಕೊಳ್ಳುತ್ತದೆ ಎಂದಳು. ಮೂರಕ್ಕಿಂತ ಕೆಳಗೆ ಇಡಬೇಡಿ, ಸಣ್ಣ ತುಂಡು ಹಾಕಿ, ಚೆನ್ನಾಗಿ ಉರಿಯಲು ಬಿಡಿ. ನಾನು ನಮ್ಮ ಮನೆಯವರ ಕಡೆ ನೋಡಿದೆ. ಅವರು ಬೆವರಿದ ಕಿಟಕಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಅವಳು ಹೋದ ಮೇಲೆ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯಲಿಲ್ಲ. ಮೂರಕ್ಕಿಟ್ಟರೆ ತಾಸಿಗೊಂದು ತುಂಡು ಬೇಕು. ತಾಸಿಗೊಂದು ತುಂಡೆಂದರೆ ನಾನು ಮನೆಯಲ್ಲಿ. ಮರುದಿನವೇ ಬುಧವಾರ. ಒಂದೇ ಒಂದು ಸಲ, ಚಿಮಣಿ ಏನೂ ನಾಳೆಯೇ ಹೊತ್ತಿಕೊಳ್ಳುವುದಿಲ್ಲ ಎಂದು ಹಟ ಹಿಡಿದು, ಎಂದಿನಂತೆ ಎರಡೂವರೆಗೆ ಇಟ್ಟು ಚೀಲ ಹೆಗಲಿಗೇರಿಸಿದೆ.

ನಮ್ಮ ಬಸ್ ನಿಲ್ದಾಣ ಹೊಲದಾಚೆ, ಸ್ವಲ್ಪ ಎತ್ತರದಲ್ಲಿದೆ. ನಾನು ಪ್ರತಿ ಸಲ ಓಡುತ್ತ ಹೋಗಿ ಬಸ್ಸು ಹಿಡಿಯುವವಳು. ಅಂದು ಬಸ್ಸು ತಡವಾಗಿತ್ತು. ನಿಂತು ಬೇಸರವಾಗಿ ನಮ್ಮ ಮನೆಯ ಕಡೆ ನೋಡಿದೆ. ಚಿಮಣಿಯಿಂದ ತೆಳ್ಳನೆಯ ಬಿಳಿ ಹೊಗೆ ಏಳುತ್ತಿತ್ತು. ನೋಡುತ್ತಿದ್ದಂತೆಯೇ ಅದು ದಪ್ಪಗಾಯಿತು, ಹಳದಿ ತಿರುಗಿತು, ಆಮೇಲೆ ಬೂದುಗಪ್ಪಾಗಿ ಮಾಡಿನ ಮೇಲೆಯೇ ಉರುಳತೊಡಗಿತು. ಮನೆಯಲ್ಲಿರುವುದು ಅವರೊಬ್ಬರೇ. ಕುರ್ಚಿಯಿಂದ ತಾವಾಗಿ ಏಳಲಾರದವರು. ತಿರುವಿನಲ್ಲಿ ಬಸ್ಸಿನ ಮುಖ ಕಂಡಿತು. ನಾನು ಬಸ್ಸಿಗೆ ಬೆನ್ನು ಮಾಡಿ ಹೊಲದ ದಾರಿ ಹಿಡಿದು ಓಡಿದೆ.

ಬೀದಿಬಾಗಿಲಿನ ಕೀಲಿ ಹುಡುಕುವಷ್ಟು ತಾಳ್ಮೆಯಿರಲಿಲ್ಲ. ತೋಟದ ಕಡೆಯಿಂದ ಬಳಸಿ ಬಂದೆ. ಕಟ್ಟಿಗೆ ರಾಶಿಯ ಹತ್ತಿರ ನನ್ನ ಕಾಲು ನಿಂತುಬಿಟ್ಟವು.

ಕೋಣೆಯಿಂದ ತೋಟಕ್ಕೆ ತೆರೆಯುವ ಗಾಜಿನ ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲಲ್ಲಿ ನಮ್ಮ ಮನೆಯವರು ನಿಂತಿದ್ದರು. ನಿಂತಿದ್ದರು! ಕೋಟು ಹೆಗಲ ಮೇಲೆ, ಕಿವಿ ಮುಚ್ಚುವ ಟೋಪಿ ತಲೆಯ ಮೇಲೆ, ಆಸ್ಪತ್ರೆಯವರು ಕೊಟ್ಟ ನಾಲ್ಕು ಕಾಲಿನ ಕೋಲು ಬದಿಗೆ ಒರಗಿಸಿ, ಎಡಗೈಯಲ್ಲಿ ಚೌಕಟ್ಟು ಹಿಡಿದು. ಕಿಟಕಿಯ ಕಟ್ಟೆಯ ಮೇಲೆ ಮಾತು ಕಲಿಸುವ ಹುಡುಗಿ ಕೊಟ್ಟ ಚಿತ್ರದ ಕಾರ್ಡುಗಳು ಸಾಲಾಗಿ ಇದ್ದವು. ನಾನು ಹಿಡಿದು ತೋರಿಸಿದಾಗಲೆಲ್ಲ ಅವರು ದೂಡಿಹಾಕುತ್ತಿದ್ದ ಕಾರ್ಡುಗಳು. ಅವರು ಒಂದನ್ನು ನೋಡಿ ತೋಟಕ್ಕೆ ಹೇಳುತ್ತಿದ್ದರು.

“ಬಾ… ಬಾಗ…” ತಡೆದರು. ಉಸಿರು ಬಿಟ್ಟರು. ಅವಸರವೇನೂ ಇರಲಿಲ್ಲ. “ಬಾಗಲಾ.” ಮತ್ತೆ ತಡೆದು, “ಬಾಗಲಾ… ತೆಗಿ.”

ಹುಲ್ಲಿನ ಮೇಲಿದ್ದ ಕಾಗೆಯೊಂದು ಅವರನ್ನೇ ನೋಡುತ್ತಿತ್ತು. ಅದು ನಡುವೆ ಬಾಯಿ ಹಾಕಲಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು.

“ಏನ್ರಿ ಇದು!” ಎಂದು ಕೂಗಿಕೊಂಡೇ ಒಳಗೆ ಹೋದೆ. “ಹಂಗಾರ ನಾ ಇಷ್ಟ ದಿನಾ ಯಾರನ್ನ ಕಾಯ್ಕೋತ ಕುಂತಿದ್ದೆ?”

ಅವರು ಬೆಚ್ಚಿ ಕೋಲು ಹಿಡಿದರು. “ಗಾ…” ಎಂದರು.

“ಗಾಳಿ? ಗಾಳಿ ಬೇಕಾಗಿತ್ತಂದ್ರ ನನಗ ಹೇಳಾಕ ಬರೂದುಲ್ಲ? ನಾ ಏನ್ ಬಾಗಲಾ ತೆಗಿಯೂದುಲ್ಲ ಅಂತಿದ್ನೇನು?”

ಅವರು ಎಡಗೈ ಎತ್ತಿದರು. ಚೌಕದಲ್ಲಿ ಪೊಲೀಸಿನವನು ಗಾಡಿ ನಿಲ್ಲಿಸುವ ಹಾಗೆ. ಕಣ್ಣು ಮುಚ್ಚಿಕೊಂಡರು. ಹೊಲದಾಚೆ ನನ್ನ ಬಸ್ಸು ಹೊರಟ ಸದ್ದು ಕೇಳಿಸಿತು, ಏರು ಹತ್ತಿದ್ದು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

“ನೀ… ಇದ್ದಾಗ…” ಎಂದರು. “ನನ್ನ… ಮಾತು… ನೀನs… ಮುಗಸ್ತಿ.”

ನಾನು ಏನೋ ಹೇಳಲು ಬಾಯಿ ತೆರೆದೆ. ಅವರ ಕೈ ಇನ್ನೂ ಮೇಲೆಯೇ ಇತ್ತು.

ಆ ದಿನ ಬೆಂಕಿಯ ಕಥೆಯೂ ತಿಳಿಯಿತು. ತಿಳಿಯಲು ಬೆಳಗಿನ ಹೊತ್ತೆಲ್ಲ ಹಿಡಿಯಿತು, ಏಕೆಂದರೆ ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ನಾನು ಹೊರಬಿದ್ದ ಕೂಡಲೇ ಅವರಿಗೆ ಬಾಗಿಲು ತೆರೆಯಬೇಕು. ಬಾಗಿಲು ತೆರೆದರೆ ಥಂಡಿ ಬಂದು ಒಲೆಗೆ ತಾಕುತ್ತದೆ. ಸುರುಳಿ ಒಲೆ ಆರುತ್ತಿದೆಯೆಂದು ತಿಳಿದು ಕಿಂಡಿಯನ್ನು ಪೂರಾ ತೆರೆಯುತ್ತದೆ. ನನ್ನ ಎರಡು ಓಕ್ ತುಂಡು ಒಂದು ತಾಸಿಗೇ ತೀರಿಹೋಗುತ್ತವೆ. ನಾನು ಬಂದಾಗ ಒಲೆ ಆರಿದ್ದರೆ ಮುಂದಿನ ಬುಧವಾರ ನಾನು ಹೋಗುವುದಿಲ್ಲ. ನಾನು ಹೋಗದಿದ್ದರೆ ಅವರಿಗೆ ಬಾಗಿಲಿಲ್ಲ. ಆದ್ದರಿಂದ ಎಡಗೈಯಲ್ಲಿ ಗುಂಡಿಯನ್ನು ಒಂದಕ್ಕೆ ತಿರುಗಿಸಿ, ಒಲೆ ತೆರೆದು, ಬೆಂಕಿಯ ಮೇಲೆ ಬೂದಿ ಸುರಿಯುತ್ತಿದ್ದರು. ಬಸ್ಸಿನಿಂದ ನನ್ನ ಫೋನು ಬಂದಾಗ ಬಾಗಿಲು ಹಾಕಿ, ಬೂದಿ ಕೆದರಿ, ಗುಂಡಿಯನ್ನು ಎರಡೂವರೆಗೆ ತಂದು ಕುರ್ಚಿಗೆ ಮರಳುತ್ತಿದ್ದರು.

“ಬೂದಿ?” ಎಂದೆ. ಅದೊಂದನ್ನು ಕೇಳದಿರಲು ಆಗಲಿಲ್ಲ.

ಅವರ ಬಾಯಿಯ ಎಡತುದಿ ಮೇಲೇರಿತು. “ನಿಮ್ಮ… ಅವ್ವನ…” ಎಂದು ಬಹಳ ಹೊತ್ತು ನಿಂತು, “ಒಲಿ,” ಎಂದರು.

ನಗಬೇಕೋ ಅಳಬೇಕೋ ತಿಳಿಯದೆ ನಾನು ಎದ್ದು ಹೋಗಿ ಗಾಜು ತಿಕ್ಕಿದೆ. ತಿಕ್ಕುತ್ತ ತಿಕ್ಕುತ್ತ ಮನಸ್ಸು ಕಹಿಯಾಯಿತು. ನಾನು ಅವರಿಂದ ತಪ್ಪಿಸಿಕೊಂಡು ಹೋಗಲು ಅಂಕಿ ಹುಡುಕಿದ್ದೆ. ಅದೇ ಅಂಕಿಯಲ್ಲಿ ಅವರು ನನ್ನಿಂದ ತಪ್ಪಿಸಿಕೊಳ್ಳುತ್ತಿದ್ದರು. ಇಷ್ಟು ತಿಂಗಳು ಒಂದೇ ಕೋಣೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕೂಡಿಹಾಕಿಕೊಂಡು ಕೂತಿದ್ದೆವು, ಅವರಿಗೆ ಅದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಕೊಳಕ್ಕೆ ಫೋನು ಮಾಡಿದೆ. ಇದೊಂದು ಸಲ ಬಿಟ್ಟೆ, ಮುಂದಿನ ಬುಧವಾರ ಬರದಿದ್ದರೆ ಬರುವುದೇ ಬೇಡ ಎಂದಳು ಕಲಿಸುವಾಕೆ. ಈ ಸಲ ನಗಲಿಲ್ಲ.

ಅವರು ನಾನಾಡಿದ್ದೆಲ್ಲ ಕೇಳಿಸಿಕೊಂಡಿದ್ದರು. ಜರ್ಮನ್ ಬಾಯಿಗೆ ಬರದಿದ್ದರೂ ಕಿವಿಗೆ ಬರುತ್ತಿತ್ತೆಂದು ಕಾಣುತ್ತದೆ. ಸಂಜೆ ಊಟಕ್ಕೆ ಕೂತಾಗ ತಟ್ಟೆ ಸರಿಸಿ ಶುರು ಮಾಡಿದರು.

“ಮೂರಕ್ಕ… ಇಡು.” ಮತ್ತೆ “ಕಟಗಿ…” ಎಂದರು. ನನ್ನ ನಾಲಿಗೆಯ ತುದಿಯಲ್ಲಿ ‘ನರ್ಸ್ ಹಾಕ್ಬೇಕಾ’ ಎಂಬುದು ಬಂತು, ‘ಬಾಜೂದಾಕಿ ಹಾಕ್ಬೇಕಾ’ ಎಂಬುದು ಬಂತು. ಸಾರು ಆರಿತು. “ಕಟಗಿ… ನಾ… ಹಾಕ್ತೀನಿ.”

ಒಂದು ಕೈಯ ಮನುಷ್ಯ, ಬೆಂಕಿಯ ಬಾಯಿ. ನನಗೆ ಒಪ್ಪಿಗೆಯಿರಲಿಲ್ಲ, ಈಗಲೂ ಇಲ್ಲ. ಮಗಳು ಕೇಳಿದ್ದರೆ ರೈಲು ಹತ್ತಿ ಬರುತ್ತಿದ್ದಳು, ಅವಳಿಗೆ ಹೇಳಲಿಲ್ಲ. ವಾರವೆಲ್ಲ ಅವರು ಹಾಕುವುದನ್ನು ಎದುರಿಗೆ ಕೂತು ನೋಡಿದೆ. ಎದ್ದು ಕೈ ಕೊಡದಿರಲು ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿರುತ್ತಿದ್ದೆ. ಬೀಚ್ ತುಂಡುಗಳನ್ನು ಕೈಗೆ ಹಗುರಾಗುವಂತೆ ಸೀಳಿಸಿ ಅವರ ಎಡಕ್ಕೆ ಒಟ್ಟಿದೆ. ಚರ್ಮದ ಕೈಗವಸು ತಂದಿಟ್ಟೆ. ಒಲೆಯ ಮುಂದಿನ ನೆಲದ ಹಾಸು ತೆಗೆದೆ.

ಬುಧವಾರ ಗುಂಡಿಯನ್ನು ಮೂರಕ್ಕೆ ತಿರುಗಿಸಿದವರು ಅವರೇ. ನಾನು ಚೀಲ ಹಿಡಿದು ಹೊರಟೆ. ನಿಲ್ದಾಣದಲ್ಲಿ ಮನೆಯ ಕಡೆ ನೋಡಬಾರದೆಂದುಕೊಂಡು ನೋಡಿದೆ. ಹೊಗೆ ತೆಳ್ಳಗಿತ್ತು. ಅದು ತೆಳ್ಳಗಿದ್ದದ್ದಕ್ಕೂ ಹೆದರಿಕೆಯಾಯಿತು. ಬಸ್ಸು ಬಂತು, ಹತ್ತಿದೆ.

ಕೊಳದಲ್ಲಿ ಗೋಡೆ ಬಿಡಿ ಎಂದಳು ಕಲಿಸುವಾಕೆ. ನನ್ನ ಕಣ್ಣಮುಂದೆ ಕೈಗವಸು. ಹಾಕಿಕೊಂಡರೋ ಇಲ್ಲವೋ, ಒಂದೇ ಕೈಯಲ್ಲಿ ಅದೇ ಕೈಗೆ ಗವಸು ಹೇಗೆ ಹಾಕಿಕೊಳ್ಳುತ್ತಾರೆ ಎಂಬುದು ಆಗ ಹೊಳೆಯಿತು. ವಾರವೆಲ್ಲ ಹಾಕಿಕೊಟ್ಟವಳು ನಾನೇ! ಗೋಡೆ ಬಿಟ್ಟದ್ದು ಧೈರ್ಯದಿಂದಲ್ಲ, ಆ ಗಾಬರಿಯಲ್ಲಿ. ಕೈಕಾಲು ಬಡಿದೆ. ನೀರು ಹಿಡಿದುಕೊಂಡಿತು.

ವಾಪಸು ಬಸ್ಸಿನಲ್ಲಿ ಫೋನು ತೆಗೆದೆ, ಒಳಗಿಟ್ಟೆ, ಮತ್ತೆ ತೆಗೆದೆ. ಮಾಡಲಿಲ್ಲ.

ಮನೆಯಲ್ಲಿ ಒಲೆಯ ಗಾಜು ಸ್ವಚ್ಛವಾಗಿತ್ತು. ಒಳಗೆ ಹೊಸ ತುಂಡು ಹಳದಿಯಾಗಿ ಉರಿಯುತ್ತಿತ್ತು. ಅವರು ಕುರ್ಚಿಯಲ್ಲಿದ್ದರು, ಎಡಗೈ ಹೊದಿಕೆಯೊಳಗೆ. ಗವಸು ನಾನಿಟ್ಟಲ್ಲೇ ಬಿದ್ದಿತ್ತು. ನೀರು ಕೊಟ್ಟಾಗ ಕೈ ಹೊರಗೆ ಬಂತು. ಬೆರಳ ಗೆಣ್ಣಿನ ಮೇಲೆ ಒಂದು ಕೆಂಪು ಬೊಕ್ಕೆ. ಅವರು ನನ್ನ ಮುಖ ನೋಡಿದರು. ನಾನು ಮುಲಾಮು ತಂದು ಅವರ ಪಕ್ಕದಲ್ಲಿಟ್ಟು, ಬಾಯಿಬಿಡದೆ ಅಡುಗೆಮನೆಗೆ ಹೋಗಿ ಜೋಳದ ಹಿಟ್ಟು ನಾದತೊಡಗಿದೆ. ಬಾಗಿಲು ತೆರೆದಿತ್ತು, ಅವರಿಗೆ ನಾನು ಕಾಣುತ್ತಿದ್ದೆ.

“ಎಷ್ಟ…” ಎಂದರು.

ನಾನು ರೊಟ್ಟಿ ಬಡಿದು ತವೆಗೆ ಹಾಕಿದೆ.

“ಎಷ್ಟ… ದೂರ…” ಎಂದರು. ರೊಟ್ಟಿಯ ಮೇಲಿನ ನೀರು ಆರಿತು. ತಿರುವಿ ಹಾಕಿದೆ. “ಎಷ್ಟ ದೂರ… ಈಜಿದಿ?”

ಲಕ್ವ ಹೊಡೆದ ಮೇಲೆ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಅಥವಾ, ನಾನು ಮುಗಿಯಲು ಬಿಟ್ಟ ಮೊದಲ ಪ್ರಶ್ನೆ.

“ಅರ್ಧ,” ಎಂದೆ. “ನಡುವ ಉಸರ ಕಟ್ಟತು. ಗ್ವಾಡಿ ಹಿಡಕೊಂಡೆ.”

ಅವರು ತಲೆದೂಗಿ, ಮತ್ತೇನೋ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ. ಕಣ್ಣು ಮುಚ್ಚಿ ಹುಡುಕತೊಡಗಿದರು. ತವೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ನಾನು ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ನಿಂತಿದ್ದೆ.